ತಲೆಗೊಂದು ಲೀಟರು

ಇಲ್ಲ ಸ್ವಾಮಿ, ನಾನು ಕುಡಿಯಲ್ಲ. ಒಂದು ತೊಟ್ಟೂ ಇಲ್ಲ. ನನ್ನ ಹೆಂಡತೀನೂ ಕುಡಿಯಲ್ಲ. ಮಾವನವರು ಕಾಫಿ ಬಿಟ್ರೆ ಬೇರೇನೂ ಮುಟ್ಟಲ್ಲ, ಅತ್ತೆಯವರು ಏಕಾದಶಿ ದಿನ ಕಾಫೀನೂ ಮುಟ್ಟಲ್ಲ. ಹಾಗಾದ್ರೆ ಪ್ಯಾಂಟ್ರಿಲಿ ಸೋನಾ ಮಸೂರಿ ಮೂಟೆ ಹಿಂದೆ ಹನ್ನೆರಡು ಬಾಟ್ಲು ವಿಸ್ಕಿ ಯಾಕಿದೆ ಅಂತ ತಾನೇ ನಿಮ್ಮ ಪ್ರಶ್ನೆ? ನಮ್ಮನೇಲಿ ಊಟಕ್ಕೆ ಬಂದು, ಸಹಾಯ ಮಾಡ್ತೀನಿ ಅಂತ ಪ್ಯಾಂಟ್ರಿಗೆ ಹೋದವರೆಲ್ಲ ಇದನ್ನೇ ಕೇಳ್ತಾರೆ. ಕೇಳಿ, ಒಂಥರಾ ನಕ್ಕು, "ಇರ್ಲಿ ಬಿಡಿ ಸಾರ್" ಅಂತ ಬೆನ್ನು ತಟ್ತಾರೆ. ಆ ಬೆನ್ನು ತಟ್ಟೋದೇ ನಂಗೆ ತಡೆಯಕ್ಕಾಗಲ್ಲ. ಬಾರ್ಡರ್ ಪಕ್ಕ ಮನೆ ಮಾಡಿ, ಮಾವನ್ನ ಕರೆಸ್ಕೊಂಡ್ರೆ ಇಂಥವು ಆಗ್ತಾನೇ ಇರ್ತವೆ. ಕೂತ್ಕೊಳ್ಳಿ, ಹೇಳ್ತೀನಿ. ನಂಗಂತೂ ಕೂತ್ಕೊಂಡು ಹೇಳೋಕಾಗಲ್ಲ, ಓಡಾಡ್ತಾ ಇರ್ತೀನಿ, ಬೇಜಾರು ಮಾಡ್ಕೋಬೇಡಿ.

೧. ಸೊಸೈಟಿ ಅಂಗಡಿ

ನಾವಿರೋದು ಅಮೆರಿಕಾದಲ್ಲಿ, ನೋವೈ ಅನ್ನೋ ಊರಲ್ಲಿ. ಡೆಟ್ರಾಯಿಟ್‌ಗೆ ಹೋಗಿ ಬ್ರಿಡ್ಜ್ ಹತ್ತಿ ಇಳಿದ್ರೆ ಕೆನಡಾ, ಮನೆಯಿಂದ ಮುಕ್ಕಾಲು ಗಂಟೆ. ಹೆಂಡತಿ ಅಣ್ಣ ಆ ಕಡೆ ಮಿಸ್ಸಿಸ್ಸಾಗಾದಲ್ಲಿದ್ದಾನೆ. ಮಾವ, ಅತ್ತೆ ಮೈಸೂರಿಂದ ಆರು ತಿಂಗಳಿಗೆ ಅಂತ ಬಂದ್ರು. ಮಗಳ ಮನೆ, ಮಗನ ಮನೆ ಅಂತ ಬಾರ್ಡರ್ ದಾಟೋ ಕೆಲಸ ಶುರುವಾಯ್ತು. ಅದೇ ಹೊತ್ತಿಗೆ ನಾನು ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದ್ದೆ. ಹೆಂಡತಿ ಆರ್ಡರ್ ಹೊರಡಿಸಿದ್ಲು: "ರೀ, ಇಂಟರ್‌ವ್ಯೂ ಮುಗಿಯೋವರೆಗೂ ಬಾರ್ಡರಲ್ಲಿ ಒಂದೇ ಒಂದು ತರಲೆ ಆಗಕೂಡದು. ಹದಿನೇಳು ವರ್ಷ ಕಾದಿದೀವಿ."

ತರಲೆ ಮಾಡೋ ಜಾತಿ ಅಲ್ಲ ನಾನು. ಆದ್ರೆ ಯೂನಿಫಾರ್ಮ್ ಹಾಕಿದೋರು "ಹೇಗಿದೀರಾ" ಅಂತ ಕೇಳಿದ್ರೂ ನಂಗೆ ಅಂಗೈ ಬೆವರುತ್ತೆ. ಏನೂ ಮಾಡದೇ ಇದ್ರೂ ಮಾಡಿರೋನ ಮುಖ.

ಮೊದಲನೇ ಸಲ ಎರಡು ರಾತ್ರಿ ಇದ್ದು ವಾಪಸ್ ಬರ್ತಾ, ಮಗಳಿಗೆ ಬಾತ್‌ರೂಮಿಗೆ ಹೋಗ್ಬೇಕು ಅಂತ ಬ್ರಿಡ್ಜ್ ಪಕ್ಕದ ಡ್ಯೂಟಿ ಫ್ರೀ ಅಂಗಡಿಲಿ ನಿಲ್ಲಿಸ್ದೆ. ಮಾವ ಅಲ್ಲಿ ಒಂದು ಬೋರ್ಡ್ ಮುಂದೆ ಕೈಕಟ್ಟಿ ನಿಂತುಬಿಟ್ರು. ಆ ಕಡೆ ಎರಡು ದಿನ ಇದ್ದು ಬಂದ್ರೆ ತಲೆಗೆ ಒಂದು ಲೀಟರ್ ಮದ್ಯ ಸುಂಕ ಇಲ್ಲದೇ ತರಬಹುದು ಅಂತ ಬರೆದಿತ್ತು.

ಮಾವ ಆಹಾರ ಇಲಾಖೇಲಿ ಇನ್‌ಸ್ಪೆಕ್ಟರ್ ಆಗಿ ರಿಟೈರ್ ಆದೋರು. ಜೀವನ ಪೂರ್ತಿ ರೇಷನ್ ಕಾರ್ಡು, ಸೊಸೈಟಿ ಅಂಗಡಿ, ಸೀಮೆಎಣ್ಣೆ ಕ್ಯೂ.

"ಅಳಿಯಂದ್ರೆ, ತಲೆಗೊಂದು ಲೀಟರು. ಮೊಮ್ಮಗಳು ಚಿಕ್ಕೋಳು, ಅವಳನ್ನ ಬಿಟ್ರೆ ನಾವು ನಾಲ್ಕು ತಲೆ. ತಗೊಳ್ಳಿ."

"ಮಾವ, ನಮಗ್ಯಾರಿಗೂ ಬೇಡವಲ್ಲ."

"ಬೇಕು ಬೇಡ ಬೇರೆ ಪ್ರಶ್ನೆ. ಕೋಟಾ ಬಿಡಬಾರದು. ಎತ್ತದೇ ಇದ್ರೆ 'ಇವರಿಗೆ ಅಗತ್ಯ ಕಂಡುಬರುವುದಿಲ್ಲ' ಅಂತ ಷರಾ ಬರೆದು ರದ್ದು ಮಾಡಿಬಿಡ್ತಾರೆ. ನಾನೇ ಎಷ್ಟು ಜನಕ್ಕೆ ಮಾಡಿಲ್ಲ!"

ಹೆಂಡತಿ ಅಡ್ಡ ಬರ್ತಾಳೆ ಅಂತ ತಿರುಗಿ ನೋಡಿದೆ. ಅವಳೂ ಅವರ ಮಗಳೇ. "ಕಾನೂನು ಪ್ರಕಾರಾನೇ ಇದೆಯಲ್ರೀ, ಸುಮ್ನೆ ಯಾಕೆ ವೇಸ್ಟ್ ಮಾಡೋದು?" ಅಂದ್ಲು. ಅತ್ತೆ, "ನನ್ನ ಪಾಲಿಂದೂ ತಗೊಳ್ಳಿ. ಮುಟ್ಟೋಕೆ ಮಾತ್ರ ನಂಗೆ ಹೇಳ್ಬೇಡಿ" ಅಂದ್ರು.

ಬಾಟ್ಲು ನಾಲ್ಕು ಬಂತು. ಮಾವ ಪಾಸ್‌ಪೋರ್ಟ್ ಬಿಚ್ಚಿ ಕ್ಯಾಷಿಯರ್ ಹುಡುಗಿ ಮುಂದೆ ಹಿಡಿದು, "ಎಂಟ್ರಿ ಪ್ಲೀಸ್" ಅಂದ್ರು. ಎಂಟ್ರಿ ಇಲ್ಲದೇ ಮಾಲು ಎತ್ತಿದ್ರೆ ನಾಳೆ ಯಾರು ಉತ್ತರ ಕೊಡೋರು? ಆ ಹುಡುಗಿ ನನ್ನ ಮುಖ ನೋಡಿದ್ಲು, ನಾನು ಚಾವಣಿ ನೋಡಿದೆ. ಕೊನೆಗೆ ಪಾಪ, ರಸೀದಿ ಮೇಲೆ ಪೆನ್ನಲ್ಲಿ ಒಂದು ನಗೋ ಮುಖ ಬರೆದುಕೊಟ್ಳು. ಮಾವ ಅದನ್ನ ಮಡಿಚಿ ಪಾಸ್‌ಪೋರ್ಟ್ ಒಳಗಿಟ್ಕೊಂಡು, "ಇಲ್ಲಿ ಸೀಲು ಈ ಥರ ಇರುತ್ತೆ ಅಂತ ಕಾಣುತ್ತೆ" ಅಂದ್ರು.

೨. ನಲವತ್ತೆಂಟು ಗಂಟೆ

ಎರಡನೇ ಸಲ. ಶುಕ್ರವಾರ ಸಂಜೆ ಆರೂ ಹತ್ತಕ್ಕೆ ಬಾರ್ಡರ್ ದಾಟಿದ್ವಿ. ಭಾನುವಾರ ವಾಪಸ್ ಬಂದಾಗ ಐದೂ ಇಪ್ಪತ್ತು. ಬ್ರಿಡ್ಜ್ ಖಾಲಿ ಹೊಡೀತಾ ಇತ್ತು. ಅಂಥಾ ಖಾಲಿ ಬ್ರಿಡ್ಜ್ ನಾನು ಜನ್ಮದಲ್ಲಿ ನೋಡಿರಲಿಲ್ಲ. ಖುಷಿಯಾಗಿ ಆ ಕಡೆ ತಿರುಗಿಸ್ತಾ ಇದ್ದೆ.

"ನಿಲ್ಸಿ" ಅಂದ್ರು ಮಾವ. "ಇನ್ನೂ ಐವತ್ತು ನಿಮಿಷ ಇದೆ."

"ಯಾವುದಕ್ಕೆ?"

"ನಲವತ್ತೆಂಟು ಗಂಟೆ ಆಗೋಕೆ. ಈಗ ಹೋದ್ರೆ ಕೋಟಾ ಇಲ್ಲ."

ಮುಂದಿನ ಐವತ್ತು ನಿಮಿಷ ನಮ್ಮ ಮಿನಿವ್ಯಾನ್ ಡ್ಯೂಟಿ ಫ್ರೀ ಪಾರ್ಕಿಂಗ್ ಲಾಟಲ್ಲಿ ನಿಂತಿತ್ತು. ರಾಹುಕಾಲ ಕಳೀಲಿ ಅಂತ ಕಾಯ್ತಾರಲ್ಲ, ಹಾಗೆ. ಅತ್ತೆ ಪುಳಿಯೋಗರೆ ಡಬ್ಬಿ ಬಿಚ್ಚಿದ್ರು. ಮಗಳು ಸೀಟಿಂದ ಜಾರಿ ಕೆಳಗೆ ಕೂತು, "ದಿಸ್ ಈಸ್ ಸೋ ಎಂಬರಾಸಿಂಗ್, ಡ್ಯಾಡ್" ಅಂದ್ಲು. ನಾನು ಕಾರಿನ ಸುತ್ತ ಪ್ರದಕ್ಷಿಣೆ ಹಾಕ್ತಾ ಇದ್ದೆ. ನಾಲ್ಕು ಸುತ್ತು ಆಗೋಷ್ಟರಲ್ಲಿ ಸೆಕ್ಯುರಿಟಿಯವನು ಬಂದ.

"ಸರ್, ಯಾರಿಗಾದ್ರೂ ಕಾಯ್ತಾ ಇದೀರಾ?"

"ಇಲ್ಲ."

"ಏನಾದ್ರೂ ತೊಂದ್ರೆನಾ?"

"ಇಲ್ಲ."

"ಮತ್ತೆ?"

"ಆರೂ ಹತ್ತಕ್ಕೆ ಕಾಯ್ತಾ ಇದೀನಿ" ಅಂದೆ. ಅವನು ತಾನೂ ವಾಚ್ ನೋಡ್ಕೊಂಡು, ಮೆತ್ತಗೆ ಹಿಂದಕ್ಕೆ ಹೆಜ್ಜೆ ಇಟ್ಕೊಂಡು ಹೋದ.

ಆರೂ ಹತ್ತಕ್ಕೆ ಸರಿಯಾಗಿ ಬಾಟ್ಲು ಎತ್ತಿ ಹೊರಟ್ವಿ. ಅಷ್ಟರಲ್ಲಿ ಬ್ರಿಡ್ಜ್ ಮೇಲೆ ಒಂದು ಲಾರಿ ಕೆಟ್ಟು ನಿಂತು, ಅದರ ಹಿಂದೆ ಕಣ್ಣು ಹಾಯೋವಷ್ಟು ದೂರ ಕಾರು. ನದಿ ಮೇಲೆ ನೇತಾಡ್ಕೊಂಡು ಎರಡು ಗಂಟೆ. ನಾನು ಸ್ಟೀರಿಂಗ್ ಮೇಲೆ ಬೆರಳು ಕುಟ್ಟಿ ಕುಟ್ಟಿ ಉಗುರು ನೋಯ್ತಾ ಇತ್ತು. ಹಿಂದಿಂದ ಮಾವ ತೃಪ್ತಿಯಾಗಿ ಹೇಳಿದ್ರು: "ಒಳ್ಳೇದೇ ಆಯ್ತು ಬಿಡಿ. ಈಗ ಐವತ್ತು ಗಂಟೆ. ಯಾವನೂ ಆಕ್ಷೇಪಣೆ ಎತ್ತೋ ಹಾಗಿಲ್ಲ."

೩. ನೂರ ನಲವತ್ತು ಮಿಲಿ

ಮೂರನೇ ಸಲ ಬ್ರಿಡ್ಜ್ ಕ್ಯೂನಲ್ಲಿ ಕೂತಿದ್ದಾಗ, ಮಾಡೋಕೆ ಬೇರೆ ಕೆಲಸ ಇಲ್ಲದೇ ಬಾಟ್ಲಿ ಮೇಲಿನ ಲೇಬಲ್ ಓದಿದೆ. ಓದಬಾರದಿತ್ತು. ಒಂದು ಪಾಯಿಂಟ್ ಒಂದು ನಾಲ್ಕು ಲೀಟರ್ ಅಂತಿತ್ತು. ಕೆನಡಾದಲ್ಲಿ ದೊಡ್ಡ ಬಾಟ್ಲಿ ಅಳತೆಯೇ ಅದಂತೆ.

"ತಲೆಗೆ ನೂರ ನಲವತ್ತು ಮಿಲಿ ಜಾಸ್ತಿ ಇದೆ!" ಅಂತ ಕೂಗಿದೆ.

"ಅಷ್ಟನ್ನ ಈಗ್ಲೇ ಕುಡಿದುಬಿಡಿ" ಅಂದ್ರು ಅತ್ತೆ, ಪಾನಕದ ವಿಷಯ ಹೇಳೋ ಹಾಗೆ.

"ಡ್ರೈವ್ ಮಾಡ್ತಾ ಇದಾರಮ್ಮ!" ಅಂದ್ಲು ಹೆಂಡತಿ.

ಬೂತ್ ಬಂತು. ಆಫೀಸರ್ ಬಾಯಿ ಬಿಡೋಕೆ ಮುಂಚೆ ನಾನೇ ಶುರು ಮಾಡ್ದೆ. ತಲೆಗೆ ನೂರ ನಲವತ್ತು ಹೆಚ್ಚು, ನಾಲ್ಕು ತಲೆ, ಬೇಕಾದ್ರೆ ಸುಂಕ ಕಟ್ತೀನಿ, ಇದಲ್ಲದೇ ಹಿಂದೆ ಎರಡು ಸಲ ತಂದಿದ್ವಿ, ಆಗಲೂ ಇಷ್ಟೇ ಹೆಚ್ಚಿತ್ತು, ಆಗ ಗೊತ್ತಿರಲಿಲ್ಲ, ಈಗ ಗೊತ್ತಾಗಿದೆ.

ಅವನು ನನ್ನ ಮಾತು ಮುಗಿಯೋವರೆಗೂ ಕಾದ. ಆಮೇಲೆ ಹೇಳಿದ: "ಸರ್, ನಾನಿನ್ನೂ ಏನೂ ಕೇಳಿಲ್ಲ."

೪. ಕಾರ್ಡ್‌ದಾರರು

ಹನ್ನೆರಡು ಬಾಟ್ಲಲ್ಲಿ ಒಂದನ್ನಾದ್ರೂ ಸಾಗಿಸೋಣ ಅಂತ ಶಿಕಾಗೋ ಹತ್ರ ನೇಪರ್‌ವಿಲ್‌ನಲ್ಲಿ ಧಾರವಾಡದ ಗೆಳೆಯನ ಗೃಹಪ್ರವೇಶಕ್ಕೆ ತಗೊಂಡು ಹೋದೆ. ಮಗಳು ಕುತ್ತಿಗೆಗೆ ರಿಬ್ಬನ್ ಕಟ್ಟಿ, ನಮ್ಮೆಲ್ಲರ ಹೆಸರು ಬರೆದ ಚೀಟಿ ನೇತು ಹಾಕಿದ್ಲು.

"ಏನ್ರಿ ಸರ, ಇಷ್ಟು ದೂರ ಹೊತ್ಕೊಂಡು ಬಂದೀರಿ!" ಅಂದ ಅವನು. "ನಮಗ ಬೇಕಂದ್ರ ಇಂಡಿಯಾನಾ ಬಾರ್ಡರ್ ಇಲ್ಲೇ ಐತಿ. ಅಲ್ಲಿ ಸೋವಿ. ಶಿಕಾಗೋ ಮಂದಿ ಎಲ್ಲಾ ಶನಿವಾರ ಅಲ್ಲೇ ಇರ್ತಾರ. ನಾನಂತೂ ಬಿಟ್ಟು ಐದು ವರ್ಷ ಆತು ನೋಡ್ರಿ." ಆದ್ರೂ ಎರಡೂ ಕೈಲಿ ಇಸ್ಕೊಂಡ.

ಎರಡು ತಿಂಗಳಾದ ಮೇಲೆ ನಂದು ಐವತ್ತನೇ ಹುಟ್ಟುಹಬ್ಬ. ಇಲ್ಲೇ ಡೆಟ್ರಾಯಿಟ್ ಹತ್ರದ ರಾಚೆಸ್ಟರ್ ಹಿಲ್ಸ್‌ನಿಂದ ಬಂದ ದಂಪತಿ ಬಣ್ಣದ ಚೀಲ ಕೊಟ್ರು. ಬಿಚ್ಚಿದ್ರೆ ವಿಸ್ಕಿ. ಹೊಸ ರಿಬ್ಬನ್. ಹೊಸ ರಿಬ್ಬನ್ ಕೆಳಗೆ ಹಳೇ ರಿಬ್ಬನ್. ಹಳೇ ರಿಬ್ಬನ್‌ಗೆ ನನ್ನ ಮಗಳ ಅಕ್ಷರದಲ್ಲಿ ನಮ್ಮದೇ ಹೆಸರು. ಅರಿಸಿನ ಕುಂಕುಮದ ಬ್ಲೌಸ್ ಪೀಸ್ ಥರ ಎಷ್ಟು ಮನೆ ಸುತ್ತಿತ್ತೋ ಏನೋ. ಮುಚ್ಚಳದ ಸೀಲು ಮಾತ್ರ ಹಾಗೇ ಇತ್ತು.

ಅವರಿಬ್ರು ನೆಲ ನೋಡಿದ್ರು. ನಾವು ಗೋಡೆ ನೋಡಿದ್ವಿ. ಮಾವ ಒಬ್ಬರೇ ಬಾಟ್ಲಿ ಬೆಳಕಿಗೆ ಹಿಡಿದು, ಮಟ್ಟ ನೋಡಿ, ತಲೆದೂಗಿದ್ರು. "ಅಳತೆ ಸರಿಯಾಗಿದೆ. ಕಾರ್ಡ್‌ದಾರರ ಕೈಗೇ ವಾಪಸ್ ಬಂತು ನೋಡಿ. ಈ ದೇಶದಲ್ಲಿ ವಿತರಣೆ ಬಹಳ ಪ್ರಾಮಾಣಿಕ."

೫. ಕ್ಯಾರಿ ಫಾರ್ವರ್ಡ್

ಕೊನೇ ಸಲ ಹೋದಾಗ ಜುಲೈ. ಭಾನುವಾರ ನಾವು ವಾಪಸ್, ಅದರ ಮುಂದಿನ ಗುರುವಾರ ನನ್ನ ಇಂಟರ್‌ವ್ಯೂ. ಹೆಂಡತಿ ಮಿಸ್ಸಿಸ್ಸಾಗಾ ಬಿಡೋ ಮುಂಚೆಯೇ ಎಲ್ಲರ ಮುಂದೆ ಹೇಳಿದ್ಲು: "ಈ ಸಲ ಒಂದು ಹನಿ ಇಲ್ಲ. ಅಂಗಡಿ ಹತ್ರ ಕಾರು ನಿಲ್ಲಿಸೋದೂ ಇಲ್ಲ. ಅಪ್ಪ, ಕೇಳಿಸ್ತಾ?"

ಮಾವ ಕೇಳಿಸ್ಕೊಂಡ್ರು. ಡ್ಯೂಟಿ ಫ್ರೀ ಬೋರ್ಡ್ ಹಿಂದಕ್ಕೆ ಹೋದಾಗ ಮಾತ್ರ ಕುತ್ತಿಗೆ ತಿರುಗಿಸಿ, ಕಾಣೋವರೆಗೂ ನೋಡಿದ್ರು.

ಬೂತ್ ಬಂತು. ಆಫೀಸರ್ ಕೇಳಿದ, "ಆಲ್ಕೋಹಾಲ್ ಏನಾದ್ರೂ?"

"ನೋ ಸರ್!" ಅಂದೆ. ಜೀವನದಲ್ಲಿ ಮೊದಲನೇ ಸಲ ಅಂಗೈ ಒಣಗಿತ್ತು. ಅವನು ಪಾಸ್‌ಪೋರ್ಟ್ ವಾಪಸ್ ಚಾಚಿದ. ನಾನು ಕೈ ಚಾಚಿದೆ. ಹಿಂದಿನ ಕಿಟಕಿ ಗಾಜು ಇಳಿಯೋ ಸದ್ದಾಯ್ತು.

"ಸರ್, ಒನ್ ಸಬ್ಮಿಷನ್" ಅಂದ್ರು ಮಾವ. "ದಿಸ್ ಟೈಮ್ ಕೋಟಾ ನಾಟ್ ಲಿಫ್ಟೆಡ್. ಫೋರ್ ಮೆಂಬರ್ಸ್. ಕೈಂಡ್ಲಿ ಕ್ಯಾರಿ ಫಾರ್ವರ್ಡ್."

ಆಫೀಸರ್ ಕೈ ಅಲ್ಲೇ ನಿಂತಿತು. ಆಮೇಲೆ ಪಾಸ್‌ಪೋರ್ಟ್ ಸಮೇತ ಒಳಕ್ಕೆ ಹೋಯ್ತು. ಕುಡಿಯೋದು ತರಲಿಲ್ಲ ಅಂತ ಅರ್ಜಿ ಹಾಕಿದೋರನ್ನ ಅವನೂ ನೋಡಿರಲಿಲ್ಲ ಅಂತ ಕಾಣುತ್ತೆ. ಪಕ್ಕದ ಶೆಡ್‌ಗೆ ಹೋಗಿ ಡಿಕ್ಕಿ ತೆಗೀರಿ ಅಂದ.

ತೆಗೆದೆ. ಮಿಸ್ಸಿಸ್ಸಾಗಾದಲ್ಲಿ ಹೆಂಡತಿಯ ಅತ್ತಿಗೆ ಕಟ್ಟಿಕೊಟ್ಟ ತಿಂಡಿ ಬ್ಯಾಗ್‌ನ ಇನ್ನೊಬ್ಬ ಆಫೀಸರ್ ಸ್ಟೀಲ್ ಟೇಬಲ್ ಮೇಲಿಟ್ಟು ಬಿಚ್ಚಿದ. ಚಕ್ಕುಲಿ ಬಂತು. ಕೋಡುಬಳೆ ಬಂತು. ಆಮೇಲೆ ಒಂದು ವಿಸ್ಕಿ ಬಾಟ್ಲಿ ಬಂತು. ಇನ್ನೊಂದು ಬಂತು. ಒಟ್ಟು ನಾಲ್ಕು. ಒಳಗೆ ಹೊಂಬಣ್ಣದ ದ್ರವ, ಲೇಬಲ್ ಮೇಲೆ ಹನ್ನೆರಡು ವರ್ಷ ಹಳೇದು ಅಂತ ಬರಹ.

"ಆಲ್ಕೋಹಾಲ್ ಇಲ್ಲ ಅಂದ್ರಿ" ಅಂದ ಅವನು.

ನಂಗೆ ಗುರುವಾರ ಕಣ್ಣ ಮುಂದೇನೇ ಕರಗಿಹೋಗೋದು ಕಾಣಿಸ್ತು. ಹದಿನೇಳು ವರ್ಷ. ಹೆಂಡತಿ ಮುಖ ನೋಡೋ ಧೈರ್ಯ ಇರಲಿಲ್ಲ. ಬಾಯಿಂದ ಬಂದದ್ದು ಒಂದೇ ಮಾತು, ಸಿಕ್ಕಿಬಿದ್ದ ಕಳ್ಳರೆಲ್ಲ ಹೇಳೋ ಮಾತು: "ಅದು ನಮ್ಮದಲ್ಲ."

"ಯಾಕೆ ನಮ್ಮದಲ್ಲ?" ಅಂತ ಕಾರಿಂದಾನೇ ಅತ್ತೆ ಕೂಗಿದ್ರು. "ಸೊಸೆ ನೆನ್ನೆ ಕೂತು ಕಾಯಿಸಿದ ತುಪ್ಪ ಕಣ್ರೀ ಅದು!"

ಆ ಮನೇಲಿ ಬಾಟ್ಲು ಖಾಲಿಯಾಗುತ್ತೆ, ನಮ್ಮ ಮನೇಲಿ ಆಗಲ್ಲ, ಅಷ್ಟೇ ವ್ಯತ್ಯಾಸ. ಒಳ್ಳೇ ಗಾಜು, ಬಿಸಾಕೋಕೆ ಮನಸ್ಸು ಬರದೇ ಅತ್ತಿಗೆ ತೊಳೆದು ಒಣಗಿಸಿ ತುಪ್ಪ ತುಂಬಿದ್ರು.

"ಲೇಬಲ್ ಹನ್ನೆರಡು ವರ್ಷದ್ದು, ತುಪ್ಪ ನೆನ್ನೇದು" ಅಂತ ಇಂಗ್ಲಿಷಲ್ಲಿ ತೊದಲಿದೆ. ಆಫೀಸರ್ ಮುಚ್ಚಳ ತಿರುಗಿಸಿ ಮೂಸಿದ. ಇನ್ನೊಬ್ಬನ್ನ ಕರೆದ, ಅವನೂ ಮೂಸಿದ. ಅವನು ಮೂರನೆಯವಳನ್ನ ಕರೆದ. ಅವಳು ಕಣ್ಣು ಮುಚ್ಚಿ ಮೂಸಿ, "ಇದನ್ನ ಯಾವುದರ ಜೊತೆ ತಿಂತೀರಾ?" ಅಂದ್ಲು. "ಎಲ್ಲದರ ಜೊತೆ" ಅಂದೆ. ನಾಲ್ಕೂ ಬಾಟ್ಲು ವಾಪಸ್ ಬ್ಯಾಗಿಗೆ ಹೋಯ್ತು. ಮುಂದಿನ ಸಲ ಡಬ್ಬಿಗೆ ಹಾಕ್ಕೊಂಡು ಬನ್ನಿ ಅಂದ್ಲು.

ಫ್ರೀವೇ ಹತ್ತಿದ ಮೇಲೆ ಮಾವ ಕೇಳಿದ್ರು, "ಅಲ್ಲಮ್ಮ, ನಮ್ಮ ಹುಡುಗನ ಮನೇಲಿ ಆ ಬಾಟ್ಲು ಎಲ್ಲಿಂದ ಬಂತು?"

"ಪಕ್ಕದ ಮನೆಯವರದ್ದು ಅಪ್ಪ" ಅಂದ್ಲು ಹೆಂಡತಿ, ಕಣ್ಣು ಮಿಟುಕಿಸದೇ.

"ಅಚ್ಚುಕಟ್ಟಾದ ಜನ. ಕೋಟಾ ತಪ್ಪದೇ ಎತ್ತುತ್ತಾರೆ ಅಂತಾಯ್ತು."

ಗುರುವಾರ ಡೆಟ್ರಾಯಿಟ್‌ಗೆ ಒಬ್ಬನೇ ಹೋದೆ. ಬಾರ್ಡರ್ ವಿಷಯ ಕೇಳಿಯೇ ಕೇಳ್ತಾರೆ ಅಂತ ತುಪ್ಪ ಕಾಯಿಸೋ ವಿಧಾನ ಪೂರ್ತಿ ಇಂಗ್ಲಿಷಲ್ಲಿ ಬಾಯಿಪಾಠ ಮಾಡಿದ್ದೆ. ಕೇಳಲಿಲ್ಲ. ಕುಡಿತದ ಚಟ ಇತ್ತೇ ಅಂತ ಮಾತ್ರ ಕೇಳಿದ್ರು. ಅಕ್ಕಿ ಮೂಟೆ ಹಿಂದಿನ ಹನ್ನೆರಡು ಬಾಟ್ಲು ಸಾಲಾಗಿ ನಿಂತು ನನ್ನನ್ನೇ ನೋಡಿದ ಹಾಗಾಯ್ತು. "ಇಲ್ಲ" ಅಂದೆ. ಇಂಟರ್‌ವ್ಯೂ ಮಾಡ್ತಿದ್ದ ಆಯಮ್ಮ ಟಿಕ್ ಹಾಕಿ, ಕಂಗ್ರಾಜುಲೇಷನ್ಸ್ ಅಂದ್ರು. ಪ್ರಮಾಣವಚನ ಒಂದು ಬಾಕಿ.

ಮನೆಗೆ ಬಂದ್ರೆ ಹೋಳಿಗೆ ವಾಸನೆ. ಹೆಂಡತಿ ಕಣ್ಣೊರೆಸಿಕೊಂಡ್ಲು. ಮಗಳು, "ಯು ಪಾಸ್ಡ್? ವಿತ್ ದಟ್ ಫೇಸ್?" ಅಂತ ತಬ್ಬಿಕೊಂಡ್ಲು. ಅತ್ತೆ ವಿಸ್ಕಿ ಬಾಟ್ಲಿ ಬಗ್ಗಿಸಿ ಹೋಳಿಗೆ ಮೇಲೆ ಧಾರಾಳವಾಗಿ ತುಪ್ಪ ಸುರಿದ್ರು. ಮಾವ ಸೋಫಾದಿಂದ ಎದ್ದು ಬಂದು, ಎರಡೂ ಕೈಲಿ ನನ್ನ ಕೈ ಹಿಡ್ಕೊಂಡು ಕುಲುಕಿದ್ರು.

"ಬಹಳ ಸಂತೋಷ ಅಳಿಯಂದ್ರೆ. ಅಂತೂ ಹಳೇ ಗ್ರೀನ್ ಕಾರ್ಡ್ ಹೋಗಿ ಹೊಸದು ಬರುತ್ತೆ" ಅಂದ್ರು. ಆಮೇಲೆ ತಮ್ಮ ಮಗಳಿಗೆ ಕೇಳಿಸದ ಹಾಗೆ ಕಿವಿ ಹತ್ರ ಬಂದ್ರು. "ಅದಕ್ಕೆ ತಲೆಗೆಷ್ಟು ಲೀಟರಂತೆ?"