ಗುರುಚರಣನ ಕಾಲ್ಗುಣ

"ಗೋಲ್‌ಕೀಪರ್ ಏನ್ ಮಾಡ್ತಾನೆ ಪಾಪ? ಈ ದರಿದ್ರ ಕಾಲ್ಗುಣದವನು ಸ್ಟ್ಯಾಂಡಲ್ಲಿ ಕೂತಿದ್ರೆ, ದೇವರೇ ಗೋಲ್ ಕಾಯ್ತಾ ನಿಂತ್ರೂ ಚೆಂಡು ಒಳಗೇ ಹೋಗತ್ತೆ!"

ಚೆನ್ನೈನ ಮಾಧವರಂನ ಟೀ ಅಂಗಡಿಯ ಬೆಂಚಿನ ತುಂಬ ಜನ. ಅವರೆಲ್ಲರ ಎದುರಿಗೆ ರೈಲ್ವೆಯ ವಿಠ್ಠಲ ಬೆರಳು ಚಾಚಿದ್ದು ಗುರುಚರಣನ ಕಡೆಗೆ. ಗುರುಚರಣನ ಬಾಯಲ್ಲಿದ್ದ ಬಿಸಿ ಟೀ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅವರ ಫುಟ್‌ಬಾಲ್ ತಂಡ ಕೋರಮಂಡಲ್ ಎಫ್.ಸಿ. ಈ ಸೀಸನ್ನಿನಲ್ಲಿ ಸ್ವಂತ ಊರಿನ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ತಂಡ ಕೆಳಗಿಳಿದಷ್ಟೂ ಟಿಕೆಟ್ ಬೆಲೆ ಮೇಲೇರುತ್ತಿತ್ತು, ಸೋಲು ನೋಡುವುದೂ ಸಿರಿವಂತರ ಶೋಕಿ ಎಂಬಂತೆ. ಕೋಚ್ ಬದಲಾದ, ಕ್ಯಾಪ್ಟನ್ ಬದಲಾದ. ಬದಲಾಗದೆ ಉಳಿದವನು ಪ್ರತಿ ಪಂದ್ಯಕ್ಕೂ ಡ್ರಮ್ ಹೊತ್ತು ಹೋಗುತ್ತಿದ್ದ ಗುರುಚರಣ ಒಬ್ಬನೇ. ಹಾಗಾಗಿ ತಪ್ಪು ಅವನದೇ ಎಂದು ಅಭಿಮಾನಿ ಬಳಗ ತೀರ್ಮಾನಿಸಿತ್ತು.

"ವಿಠ್ಠಲಣ್ಣ, ಇವತ್ತು ಕೊನೇ ಮ್ಯಾಚು. ಕಿತ್ತ ಚಪ್ಪಲಿ ಹೊಲಿಸೋದನ್ನೂ ಬಿಟ್ಟು ಟಿಕೆಟ್ ತಗೊಂಡಿದೀನಿ."

"ಅದಕ್ಕೇ ಹೇಳ್ತಿರೋದು ಡಾ" ಎಂದ ವಿಠ್ಠಲ, ತಮಿಳರ ಧಾಟಿಯಲ್ಲಿ. "ತಂಡದ ಮೇಲೆ ನಿಜವಾಗ್ಲೂ ಪ್ರೀತಿ ಇದ್ರೆ ಆ ಟಿಕೆಟ್ ಕೊಡು. ನನ್ ಭಾಮೈದ ಪ್ರಮೋದ್ ಬರ್ತಾನೆ. ಅವನು ಕಾಲಿಟ್ಟ ಆಫೀಸಲ್ಲಿ ಎಲ್ಲರಿಗೂ ಪ್ರಮೋಷನ್ ಆಗತ್ತೆ."

"ಕೊಟ್ಬಿಡು ಗುರು, ಪುಣ್ಯ ಬರತ್ತೆ" ಎಂದರು ಹಾಲು ಒಯ್ಯಲು ಬಂದಿದ್ದ ಎದುರು ಮನೆಯ ನಾಗಮಣಿ. ಫುಟ್‌ಬಾಲಿಗೂ ವಾಲಿಬಾಲಿಗೂ ಏನು ವ್ಯತ್ಯಾಸವೆಂದು ಅವರಿಗೆ ತಿಳಿಯದು.

ಪ್ರೀತಿಯ ಮಾತು ಬಂದ ಮೇಲೆ ಮುಗಿಯಿತು. ಟಿಕೆಟ್ ಹೋಯಿತು, ಹಿಂದೆಯೇ ಡ್ರಮ್ಮೂ ಹೋಯಿತು.

ಸಂಜೆಯಾದಾಗ ಕಾಲು ಮಾತು ಕೇಳಲಿಲ್ಲ. ಮನೆಗೆಂದು ಹೊರಟವನು ಸೆಂಟ್ರಲ್ ಬಸ್ ಹತ್ತಿ ಸ್ಟೇಡಿಯಂ ಮುಂದೆ ಇಳಿದ. ತಮ್ಮ ಗೇಟಿನಲ್ಲಿ ವಿಠ್ಠಲನ ಪಟಾಲಂ ನಿಂತಿತ್ತು. ಉಳಿದದ್ದು ಎದುರಾಳಿ ಅಭಿಮಾನಿಗಳ ಗೇಟು. ಅಲ್ಲಿನ ಟಿಕೆಟ್ ಬೆಲೆ ಕೇಳಿ ಅವನಿಗೆ ಎದುರಾಳಿಗಳ ಮೇಲೂ ಕರುಣೆ ಉಕ್ಕಿತು. ಆದರೂ ಜೇಬಿನಲ್ಲಿದ್ದದ್ದನ್ನು ಎಣಿಸಿ ಕೊಟ್ಟು ಒಂದು ಕೊಂಡ. ತಮ್ಮ ತಂಡದ ಕೆಂಪು ಜರ್ಸಿಯವರಿಗೆ ಅಲ್ಲಿ ಪ್ರವೇಶವಿಲ್ಲವೆಂದು ತಿಳಿದು, ಫುಟ್‌ಪಾತಿನಲ್ಲಿ ಹಸಿರು ಜರ್ಸಿ ಕೊಂಡು ಕೆಂಪಿನ ಮೇಲೇ ತೊಟ್ಟ. ಒಳಗೆ ಕೂತವನು ಬೆವರಿನಲ್ಲಿ ಇಡ್ಲಿ ತಟ್ಟೆಯ ಬಟ್ಟೆಯಂತೆ ತೊಯ್ದುಹೋದ.

ಎರಡೂ ಕಡೆ ಗೋಲಿಲ್ಲದ ಆಟ ಇನ್ನೇನು ಮುಗಿಯಬೇಕು, ಕೆಂಪು ತಂಡದ ಹುಡುಗನೊಬ್ಬ ತಲೆಯಿಂದ ಗುದ್ದಿದ ಚೆಂಡು ಬಲೆ ಸೇರಿತು. ಗೋಲ್! ಗುರುಚರಣ ಕರ್ಚೀಫನ್ನು ಬಾಯಿಗೆ ತುರುಕಿಕೊಂಡ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಆ ಹುಡುಗನಿಗೆ, ಗೋಲ್‌ಕೀಪರಿಗೆ, ಬೆಂಚಿನಲ್ಲಿ ಸುಮ್ಮನೆ ಕೂತವರಿಗೆ, ಎಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದ. ಇಷ್ಟು ಕಾಯಿಸಿದರೂ ಕೊಟ್ಟರಲ್ಲ!

"ಅಳಾದೆ ತಂಬಿ" ಎಂದು, ಅಳಬೇಡವೆಂದು ತಮಿಳಿನಲ್ಲಿ ಸಮಾಧಾನ ಹೇಳುತ್ತ, ಪಕ್ಕದ ಹಸಿರು ಜರ್ಸಿಯ ಮುದುಕ ಅವನ ಬೆನ್ನು ಸವರಿ, ತಾನೂ ಅಳುತ್ತ, ತನ್ನ ಮುರುಕಿನಲ್ಲಿ ಅರ್ಧ ಮುರಿದುಕೊಟ್ಟ. ಆಚೆ ಕಡೆ ಪ್ರಮೋದ್ ಡ್ರಮ್ ಬಾರಿಸುತ್ತಿದ್ದ, ತಾಳ ತಪ್ಪಿ.

ಆಟ ಮುಗಿದದ್ದೇ ಗುರುಚರಣ ಹಸಿರು ಜರ್ಸಿ ಕಿತ್ತು ಕೈಯಲ್ಲಿ ಹಿಡಿದು, ಗೇಟಿನೆದುರು ಕುಣಿಯುತ್ತಿದ್ದ ಬಳಗದ ನಡುವೆ ನುಗ್ಗಿದ.

"ವಿಠ್ಠಲಣ್ಣ! ನಾನೂ ಒಳಗೇ ಇದ್ದೆ! ನಾನಿದ್ದೂ ಗೆದ್ವಿ! ಈಗ ಹೇಳಿ ನನ್ ಕಾಲ್ಗುಣ ಹೆಂಗಿದೆ?"

ಡ್ರಮ್ ನಿಂತಿತು.

"ಒಳಗಾ? ಎಲ್ಲಿ ಕೂತಿದ್ದೆ?"

ಗುರುಚರಣ ಹಸಿರು ಜರ್ಸಿ ಎತ್ತಿ ತೋರಿಸಿದ.

ವಿಠ್ಠಲ ಜರ್ಸಿ ನೋಡಿದ, ಗುರುಚರಣನ ಕಿತ್ತ ಚಪ್ಪಲಿ ನೋಡಿದ. ಆಮೇಲೆ ನಡುರಸ್ತೆಯಲ್ಲೇ ಬಗ್ಗಿ ಆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅಪ್ಪಾ ಗುರು! ನೀನು ಅಲ್ಲಿ ಕೂತಿದ್ದಕ್ಕೇ ಡಾ ಅವರು ಸೋತಿದ್ದು! ಸಾಯೋವರೆಗೂ ಈ ಉಪಕಾರ ಮರೆಯಲ್ಲ. ಮುಂದಿನ ಸೀಸನ್ ಪೂರ್ತಿ ಆ ಕಡೆ ಸ್ಟ್ಯಾಂಡೇ ನಿಂದು. ಟಿಕೆಟ್ ಬಳಗದ್ದು. ಯಾವ ತಂಡ ಬಂದ್ರೆ ಆ ತಂಡದ ಜರ್ಸಿ ನಾವೇ ಕೊಡಿಸ್ತೀವಿ!"

ಯಾರೋ ಕೊರಳಿಗೆ ಕೆಂಪು ಶಾಲು ಸುತ್ತಿದರು. ಯಾರೋ ಮುತ್ತಿಟ್ಟರು.

"ಡ್ರಮ್ಮಿನ ಚಿಂತೆ ಬಿಡಿ ಗುರು, ನಾನಿದೀನಿ" ಎಂದ ಪ್ರಮೋದ್.

"ಸಂತೋಷ ತಾನೇ ಡಾ?" ಎಂದು ವಿಠ್ಠಲ ಕಣ್ಣೊರೆಸಿಕೊಂಡ.

ಗುರುಚರಣ ಹಸಿರು ಜರ್ಸಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಚಪ್ಪಲಿ ಎಳೆಯುತ್ತ ಬಸ್ ಸ್ಟಾಪಿನ ಕಡೆ ನಡೆದ. ಹಿಂದಿನಿಂದ ಇಡೀ ಬಳಗ ಅವನ ಕಾಲುಗಳನ್ನೇ ನೋಡುತ್ತ ಕೈಮುಗಿದು ನಿಂತಿತ್ತು.