ಗೆಣಸು ತಿಂದು ಉಳಿಸಿಕೊಂಡ ಕೋಣೆ

ಸುಳ್ಳು ಹೇಳುವವರಿಗೆ ನನ್ನದೊಂದು ಕಿವಿಮಾತು. ಏನು ಬೇಕಾದರೂ ಹೇಳಿ, ಹೊಟ್ಟೆಯ ವಿಷಯದಲ್ಲಿ ಮಾತ್ರ ಹೇಳಬೇಡಿ. ಅದನ್ನು ಆಮೇಲೆ ತಿಂದೇ ತೀರಿಸಬೇಕಾಗುತ್ತದೆ. ನಾನು ತೀರಿಸಿದ್ದು ಗೆಣಸು ತಿಂದು. ಘಟ್ಟದ ಮೇಲಿನವರು ಅದಕ್ಕೆ ಸಿಹಿಗೆಣಸು ಎನ್ನುತ್ತಾರೆ, ತುಳುವರು ಕೆರೆಂಗ್ ಎನ್ನುತ್ತಾರೆ. ಅದೇ ಊಟವೆಂದು ಕೂತು ತಿನ್ನುವವನಿಗೆ ಯಾವ ಹೆಸರಾದರೂ ಅಷ್ಟೆ, ಗಂಟಲಲ್ಲಿ ಸಿಕ್ಕಿಕೊಳ್ಳುವುದು ಒಂದೇ ಕಡೆ.

ಐವತ್ತರ ದಶಕದಲ್ಲಿ ನಾನು ಗುಮಾಸ್ತನಾಗಿ ಪುತ್ತೂರಿನಿಂದ ಸುಳ್ಯಕ್ಕೆ ವರ್ಗವಾಗಿ ಹೋದೆ. ಊಟವೂ ಸಿಕ್ಕುವ ಬಾಡಿಗೆ ಕೋಣೆ ಇದ್ದದ್ದು ಶಂಭಯ್ಯನವರ ಮನೆಯಲ್ಲಿ ಮಾತ್ರ. ಹಣೆ ತುಂಬ ಗಂಧದ ಆಚಾರವಂತರು. ಹೋಟೆಲಿನಲ್ಲಿ ತಿನ್ನುವವರಿಗೆ ಕೋಣೆ ಕೊಡುವುದಿಲ್ಲವಂತೆ. ನಾನೋ ಬಸ್ಸಿಳಿದವನೇ ಹೋಟೆಲಿಗೆ ನುಗ್ಗಿ ಗೋಳಿಬಜೆ, ಬನ್ಸು ಕಂಠಪೂರ್ತಿ ತಿಂದು ಹೋಗಿದ್ದೆ. ಶಂಭಯ್ಯನವರ ಹೆಂಡತಿ ಪದ್ದಕ್ಕ, “ಎಲೆ ಹಾಕಲಾ?” ಎಂದಾಗ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು.

“ಇವತ್ತು ಏಕಾದಶಿಯಲ್ವಾ ಅಕ್ಕ, ನನಗೆ ಅನ್ನ ಇಲ್ಲ.”

“ಅವಲಕ್ಕಿ ಆಗ್ತದಾ?”

“ಅದೂ ಅಕ್ಕಿಯದ್ದೇ ಅಲ್ವಾ? ಬೇಯಿಸಿದ ಗೆಣಸಾದರೆ ಆದೀತು.”

ಕೈಕಾಲು ತೊಳೆದು ಊಟಕ್ಕೆ ಬರುತ್ತಿದ್ದ ಶಂಭಯ್ಯನವರು ನಿಂತಲ್ಲೇ ನಿಂತು, “ಹೌದೌದು, ನನಗೂ ಹಾಗೆಯೇ,” ಎಂದರು. ಹಾಗಾದರೆ ಅನ್ನ ಬೇಯಿಸಿದ್ದು ಯಾರಿಗೆ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮುಂದಿನ ಪ್ರತಿ ಏಕಾದಶಿಗೂ ನಾವಿಬ್ಬರು ಎದುರುಬದುರು ಕೂತು ಗೆಣಸು ತಿಂದೆವು. ಸಂಜೆಗೆ ಹೊಟ್ಟೆ ಗುಡುಗುಟ್ಟಿದರೆ ನಾನು ಕೆಮ್ಮುತ್ತಿದ್ದೆ, ಅವರು ಶಿವಶಿವಾ ಎನ್ನುತ್ತಿದ್ದರು. ನಿಜ ಹೇಳೋಣವೆಂದರೆ ಕೋಣೆ ಹೋಗುತ್ತದೆಂಬ ಹೆದರಿಕೆ.

ಮಳೆ ಹಿಡಿದು ಗದ್ದೆಯ ಗೆಣಸು ಮುಗಿದ ಮೇಲಿನ ಮೊದಲ ಏಕಾದಶಿ. ಶಂಭಯ್ಯನವರು ಬೆಳಿಗ್ಗೆಯೇ ನನ್ನ ಕೋಣೆಗೆ ಬಂದರು.

“ರಾಯ್ರೆ, ಗೆಣಸು ಇಲ್ಲ. ನೀವು ಎಂತ ಮಾಡುದು?”

“ನೀವು ಎಂತ ಮಾಡುದು?” ಎಂದೆ.

“ನೀವು ಉಂಡರೆ ನಾನೂ ಉಣ್ಣುದು ಮಾರಾಯ್ರೆ! ನೀವು ಬರುವ ಮೊದಲು ಈ ಮನೆಯಲ್ಲಿ ಏಕಾದಶಿ ಇದ್ದದ್ದು ಪಂಚಾಂಗದಲ್ಲಿ ಮಾತ್ರ. ಬಾಡಿಗೆಯವರು ವ್ರತ ಹಿಡಿದರೆ ಮನೆಯ ಯಜಮಾನ ಗಡದ್ದಾಗಿ ಉಣ್ಣುದು ಹೇಗೆ?”

ಅಬ್ಬಾ! ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ಹೋಟೆಲಿನ ವಿಷಯವನ್ನೂ ಬಾಯಿಬಿಟ್ಟೆ. ಅವರು ಸಿಟ್ಟಾಗುವುದಿರಲಿ, ಬನ್ಸು ಬಿಸಿ ಇತ್ತೇ ಎಂದು ವಿಚಾರಿಸಿದರು. ಇಬ್ಬರೂ ಬಿದ್ದು ಬಿದ್ದು ನಗುತ್ತಿರುವಾಗ ಬಾಗಿಲಲ್ಲಿ ಪದ್ದಕ್ಕ ನಿಂತಿದ್ದರು.

“ಹಾಗಾದ್ರೆ ನಾನು ಇಷ್ಟು ದಿನ ಯಾರಿಗೋಸ್ಕರ ಉಪವಾಸ ಕೂತದ್ದು? ಗಂಡಸರಿಬ್ಬರು ವ್ರತ ಹಿಡಿದ ಮನೆಯಲ್ಲಿ ನನಗೊಬ್ಬಳಿಗೆ ಅನ್ನಕ್ಕೆ ಇಡ್ಲಿಕ್ಕೆ ಉಂಟಾ? ನೀವಾದರೂ ಗೆಣಸು ತಿಂದಿರಿ. ನನಗೆ ಒಂದು ತುಂಡು ಉಳಿದದ್ದು ಉಂಟಾ?”

ಉಳಿದಿರಲಿಲ್ಲ. ಇಬ್ಬರ ನಗುವೂ ನಿಂತಿತು. ಒಂದು ದಿನವೂ ಅವರ ಊಟದ ಸುದ್ದಿ ನಾನು ಕೇಳಿದವನಲ್ಲ, ತಲೆ ಎತ್ತಲಾಗಲಿಲ್ಲ. ಪದ್ದಕ್ಕ ಒಳಗೆ ಹೋಗಿ ಅನ್ನಕ್ಕೆ ಇಟ್ಟರು. ಇವತ್ತು ಮೊದಲ ಎಲೆ ಅಕ್ಕನಿಗೇ ಹಾಕಬೇಕು, ನಾವೇ ಬಡಿಸಬೇಕು ಎಂದು ನಾನು ದೃಢವಾಗಿ ನಿಶ್ಚಯಿಸಿದೆ. ಮಧ್ಯಾಹ್ನ ಎಲೆಯ ಮುಂದೆ ಕೂತು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಎಲೆಗೆ ಬಿಸಿ ಅನ್ನ, ಅದರ ಮೇಲೆ ಸಾರು ಬಿತ್ತು. ತೆರೆದ ಬಾಯಿಯನ್ನು ನಾನು ಬೇರೆ ಕೆಲಸಕ್ಕೆ ಉಪಯೋಗಿಸಿಕೊಂಡೆ.