ಒಬ್ಬರೇ ಇರುವ ಫೋಟೋ

ಸಿದ್ದಾಪುರದಲ್ಲಿ ಮಾವ ಉಮಾಪತಿಯವರ ಹೆಣಕ್ಕೆ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂಡಿಸಿದ ಮೇಲೆ ಗೊತ್ತಾಯಿತು, ಶ್ರದ್ಧಾಂಜಲಿ ಬ್ಯಾನರಿಗೆ ಹಾಕಲು ಅವರ ಒಂದು ಫೋಟೋ ಸಹ ಮನೆಯಲ್ಲಿಲ್ಲ. ಬ್ಯಾನರಿಲ್ಲದೆ ಹೆಣ ಎತ್ತಿದರೆ ಮರ್ಯಾದೆ ಹೋಗುತ್ತದೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಫೋಟೋ ಹುಡುಕಿ ಬ್ಯಾನರ್ ಮಾಡಿಸಿಕೊಂಡು ಬರಲು ಅಳಿಯ ಸಿದ್ದಲಿಂಗೇಶನನ್ನು ಗಂಗಾವತಿಗೆ ಓಡಿಸಿದರು.

ಅಲ್ಲಿ ಸ್ಟುಡಿಯೋದ ಯಂಕೇಶ ತಾನು ತೆಗೆದ ಫೋಟೋಗಳನ್ನೆಲ್ಲ, ಅವುಗಳಲ್ಲಿರುವವರ ಹೆಸರು ಬರೆದು, ಇಂಟರ್ನೆಟ್ಟಿಗೆ ಏರಿಸಿಟ್ಟಿದ್ದ. ಬರೀ ಉಮಾಪತಿ ಎಂದು ಹುಡುಕಿದರೆ ಜಿಲ್ಲೆಯ ಉಮಾಪತಿಗಳೆಲ್ಲ ಬಂದರು. "ಉಮಾಪತಿ ಸಿದ್ದಾಪುರ" ಎಂದು ಉದ್ಧರಣ ಚಿಹ್ನೆಯೊಳಗೆ ಕೂಡಿಸಿದಾಗ ಮಾವನವರಷ್ಟೇ ಉಳಿದರು. ಮದುವೆ, ಸೀಮಂತ, ಗೃಹಪ್ರವೇಶ, ಎಲ್ಲ ಕಡೆಯೂ ಮಂದಿಯ ನಡುವೆ, ಹಲ್ಲುನೋವು ಬಂದವರ ಹಾಗೆ ಮುಖ ಗಂಟು ಹಾಕಿಕೊಂಡು.

ಹೆಂಡತಿ ಶಿವಲೀಲಾಳ ಫೋನು ಬಂತು. "ರೀ, ಸಣ್ಣ ಕಾಕಾ ಇರೋ ಫೋಟೋ ಬ್ಯಾಡ್ರಿ. ಅವ್ರ ಮ್ಯಾಲ ಕೋರ್ಟಿಗೆ ಹೋಗೇವಿ."

"ಅವ್ರ ಹೆಸರಿನ ಮುಂದ ಒಂದು ಮೈನಸ್ ಹಾಕ್ರಿ," ಎಂದ ಯಂಕೇಶ. "ಅವ್ರು ಇರೋ ಫೋಟೋ ಎಲ್ಲಾ ಮಾಯ."

"ಇಷ್ಟು ಸಲೀಸ ಕೋರ್ಟಿಗೂ ಆಗಂಗಿಲ್ಲ ಬಿಡು," ಎಂದ ಸಿದ್ದಲಿಂಗೇಶ.

ಆಮೇಲೆ ಶಿವಲೀಲಾಳ ತಮ್ಮ ಬಸವಕುಮಾರನ ಫೋನು: "ಮಾಮಾ, ನನ್ನ ಹೆಂಡ್ತಿ ಸುರೇಖಾನೂ ಬ್ಯಾಡ. ತವರಿಗೆ ಹೋದಾಕಿ ಸಾವಿಗೂ ಬಂದಿಲ್ಲ."

ಮೈನಸ್ ಸುರೇಖಾ.

ಕೊನೆಗೆ ಅತ್ತೆ ಶೇಖರಮ್ಮ: "ಅಳಿಯಂದ್ರ, ಕುಂಕುಮ ಹಚ್ಕೊಂಡು ಬಾಜೂಕ ನಿಂತದ್ದು ಬ್ಯಾಡ. ನನ್ನೂ ತಗದುಬಿಡ್ರಿ."

"ಫೋಟೋ ಕತ್ತರಿಸಿದ್ರ ಆಗಂಗಿಲ್ಲೇನು?" ಎಂದು ಸಿದ್ದಲಿಂಗೇಶ ಯಂಕೇಶನನ್ನು ಕೇಳಿದ.

"ಕೈ ಉಳೀತಾವ್ರಿ. ಹೋದ ವಾರ ಒಬ್ಬರ ಹೆಗಲ ಮ್ಯಾಲ ಬರೇ ಕೈ ಉಳಿದು ಮಂದಿ ಅಂಜಿದ್ರು."

ಮೈನಸ್ ಶೇಖರಮ್ಮ. ಉಳಿದದ್ದು ಒಂದೇ ಫೋಟೋ. ಮಾವ ಒಬ್ಬರೇ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದರು.

"ನೆನಪಾತ್ರಿ," ಎಂದ ಯಂಕೇಶ. "ಒಬ್ರೇ ಬಂದು ತಗಿಸಿದ್ರು. ಯಾತಕ್ಕ ಅಂದ್ರ, ಸುಮ್ನ ಅಂದ್ರು. ಪ್ರಿಂಟ್ ಒಯ್ಯಾಕ ಬರಲೇ ಇಲ್ಲ."

ಸುರುಳಿ ಸುತ್ತಿದ ಬ್ಯಾನರನ್ನು ಬಂದೂಕಿನಂತೆ ಬೆನ್ನಿಗೆ ಕಟ್ಟಿಕೊಂಡು ಸಿದ್ದಲಿಂಗೇಶ ಬೈಕು ಓಡಿಸಿದ. ಬಾಗಿಲ ಮುಂದೆ ಬಿಚ್ಚಿ ಕಟ್ಟಿದ ಕೂಡಲೇ ಅಳುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು.

"ಇವ್ರ್ಯಾರು?" ಎಂದರು ಶೇಖರಮ್ಮ.

"ಮಾವನವ್ರು ರೀ!"

"ನಮ್ಮನಿಯವ್ರಿಗೆ ನಗಾಕ ಬರ್ತಿರಲಿಲ್ಲ, ಅಳಿಯಂದ್ರ."

ಬಸವಕುಮಾರ ಹತ್ತಿರ ಬಂದು ಬಗ್ಗಿ ನೋಡಿದ. "ನಮ್ಮಪ್ಪ ಅಲ್ಲ ಮಾಮಾ. ಯಾವನೋ ಜೀವಂತ ಇರೋವನ್ನ ಹಾಕಿಸ್ಕೊಂಡು ಬಂದೀರಿ."

ಸಿದ್ದಲಿಂಗೇಶ ಬ್ಯಾನರ್ ನೋಡಿದ. ಕಟ್ಟೆಯ ಮೇಲಿನ ಮುಖ ನೋಡಿದ. ಎರಡೂ ಒಬ್ಬರದೇ ಎಂದು ಅವನಿಗೂ ಗುರುತು ಹತ್ತಲಿಲ್ಲ.

ಶೇಖರಮ್ಮ ಹೆಣದ ಕಡೆ ಕೈ ಮಾಡಿದರು. "ಹೊತ್ತು ಮುಳುಗಾಕ ಬಂತು. ಹೋಗಿ ಇವ್ರನ್ನ ಹುಡುಕ್ಕೊಂಡು ಬರ್ರಿ."